ಮೋಟಾರು ವ್ಯಾಪಾರದ ಕರಾರು ಮುಗಿಯುವ ಬಗೆ

ನಮ್ಮ ವಾಚಕರೊಬ್ಬರು ಒಂದು ದೀರ್ಘವಾದ ಕಾಗದವನ್ನು ಬರೆದಿದ್ದಾರೆ. ಅವರ ಕಿರಿಯ ಮಗನಿಗೆ ಕಾರುಗಳನ್ನು ತಯಾರಿಸುವ ಒಂದು ಕಂಪೆನಿಯವರು ಮಾರಾಟದ ಹಕ್ಕನ್ನು ಕೊಡಲು ಒಪ್ಪಿರುವರಂತೆ. ಮಳಿಗೆಯನ್ನು ಕಟ್ಟಬೇಕು, ರಿಪೇರಿಯ ಶಾಲೆಯನ್ನು ಸಜ್ಜುಗೊಳಿಸಬೇಕು, ಬ್ಯಾಂಕಿನ ಸಾಲಕ್ಕೆ ಪಿತ್ರಾರ್ಜಿತವಾದ ಮನೆಯನ್ನು ಆಧಾರವಾಗಿಡಬೇಕು. ಮುಂದೊಂದು ದಿನ ಕಂಪೆನಿಯವರು ಬೇಡವೆಂದುಬಿಟ್ಟರೆ ಕಾನೂನು ನಮ್ಮ ಕೈಹಿಡಿಯುವುದೆ ಎಂಬುದು ಅವರ ಪ್ರಶ್ನೆ. ಇಂಥ ಯೋಚನೆಯಲ್ಲಿರುವ ಮನೆಗಳು ಹಲವು ಇರುವುದರಿಂದ ಉತ್ತರವನ್ನು ಇಲ್ಲಿಯೇ ಬರೆಯುತ್ತೇವೆ. ನಾವು ವಕೀಲರಲ್ಲ, ಗ್ರಂಥವನ್ನು ಓದಿ ಪಾಠ ಹೇಳಿದವರು ಮಾತ್ರ. ರುಜು ಮಾಡುವ ಮುನ್ನ ವಕೀಲರನ್ನು ಕಾಣತಕ್ಕದ್ದು.

ಮೊದಲು ಶಬ್ದವಿಚಾರ. ಜನರು ಈ ವ್ಯಾಪಾರವನ್ನು ಏಜೆನ್ಸಿ ಎಂದು ಕರೆಯುವರಷ್ಟೆ. 1872ನೆಯ ಇಸವಿಯ ಕರಾರು ಶಾಸನವು ಏಜೆಂಟನಿಗೆ ಕೆಲಮಟ್ಟಿನ ರಕ್ಷಣೆಯನ್ನು ಕೊಟ್ಟಿದೆ. ಗೊತ್ತಾದ ಅವಧಿಗೆ ನೇಮಿಸಿದವನನ್ನು ಸಾಕಾದಷ್ಟು ಕಾರಣವಿಲ್ಲದೆ ನಡುವೆ ಬಿಡಿಸಿದರೆ ಪರಿಹಾರವನ್ನು ಕೊಡಬೇಕೆಂದು 205ನೆಯ ಪ್ರಕರಣವೂ, ಯುಕ್ತವಾದ ಮುನ್ಸೂಚನೆ ಬೇಕೆಂದು 206ನೆಯ ಪ್ರಕರಣವೂ ಹೇಳುತ್ತವೆ. ಆದರೆ ಕಾರು ಮಾರುವವನು ಸಾಮಾನ್ಯವಾಗಿ ಕಂಪೆನಿಯಿಂದ ಗಾಡಿಗಳನ್ನು ತನ್ನ ಹಣದಿಂದ ಕೊಂಡು ತಾನೇ ಮಾರುವವನು. ಅವನು ಏಜೆಂಟನಲ್ಲವೆಂಬ ಮಾತನ್ನು ಕರಾರಿನಲ್ಲಿ ಬರೆಯಿಸಿಕೊಳ್ಳುವುದೂ ವಾಡಿಕೆ. ಬೋರ್ಡಿನ ಮೇಲೆ ಏನು ಬರೆದಿದ್ದರೂ ಈ ಎರಡು ಪ್ರಕರಣಗಳ ನೆರಳು ತಾನಾಗಿ ಅವನಿಗೆ ದೊರೆಯದು.

ಹಾಗಾದರೆ ಕಂಪೆನಿಯವರು ಅನ್ಯಾಯವಾಗಿ ಬಿಡಿಸಿದರೆ ಕೋರ್ಟು ಹಕ್ಕನ್ನು ಮರಳಿ ಕೊಡಿಸಲಾರದೆ? ತಿಳಿಯಬೇಕಾದ ಮುಖ್ಯ ವಿಷಯವು ಇದೇ. ಸ್ವಭಾವತಃ ಕೊನೆಗಾಣಿಸಬಹುದಾದ ಕರಾರನ್ನು ಬಲವಂತದಿಂದ ನಡೆಯಿಸಬಾರದೆಂದು 1963ರ ನಿರ್ದಿಷ್ಟ ಪರಿಹಾರ ಶಾಸನದ 14ನೆಯ ಪ್ರಕರಣವು ವಿಧಿಸುತ್ತದೆ. 2018ರಲ್ಲಿ ಈ ಶಾಸನವನ್ನು ಬಹುವಾಗಿ ತಿದ್ದಿದಾಗಲೂ ಈ ವಿಧಿಯು ಉಳಿದುಕೊಂಡಿತು. ಇದರ ಅರ್ಥವು ಅಮೃತಸರದ ಒಬ್ಬ ಅಡಿಗೆ ಅನಿಲದ ವ್ಯಾಪಾರಿಯ ಮೊಕದ್ದಮೆಯಿಂದ ಸ್ಪಷ್ಟವಾಗುತ್ತದೆ. ಇಂಡಿಯನ್ ಆಯಿಲ್ ಸಂಸ್ಥೆಯವರು ಆ ವ್ಯಾಪಾರಿಯ ಹಕ್ಕನ್ನು ರದ್ದುಮಾಡಿದರು. ಮಧ್ಯಸ್ಥನು ವಿಚಾರಿಸಿ, ರದ್ದುಮಾಡಿದುದು ಸರಿಯಲ್ಲವೆಂದು ಕಂಡು, ಹಕ್ಕನ್ನು ಮರಳಿ ಕೊಡಬೇಕೆಂದು ತೀರ್ಪಿತ್ತನು. ಮೊಕದ್ದಮೆಯು ಸರ್ವೋಚ್ಚ ನ್ಯಾಯಾಲಯಕ್ಕೆ ಏರಿತು. ಅಲ್ಲಿಯ ತೀರ್ಪು 1991ರ ವರದಿಗಳಲ್ಲಿ ಪ್ರಕಟವಾಗಿದೆ. ತಪ್ಪು ಸಂಸ್ಥೆಯದೆಂಬ ನಿರ್ಣಯವನ್ನು ನ್ಯಾಯಾಧೀಶರು ಅಲ್ಲಗಳೆಯಲಿಲ್ಲ. ಆದರೆ ಕಾರಣವನ್ನು ಹೇಳದೆ ಮೂವತ್ತು ದಿನಗಳ ನೋಟೀಸಿನಿಂದ ಇಬ್ಬರಲ್ಲಿ ಯಾರಾದರೂ ಕರಾರನ್ನು ಮುಗಿಸಬಹುದೆಂದು ಪತ್ರದಲ್ಲಿಯೇ ಒಂದು ಷರತ್ತಿದ್ದಿತು. ಆದಕಾರಣ ವ್ಯಾಪಾರಿಗೆ ಸಲ್ಲುವುದು ಆ ಮೂವತ್ತು ದಿನಗಳ ಸಂಪಾದನೆಯ ನಷ್ಟವೊಂದೇ, ಹಕ್ಕು ಮರಳಿ ಬಾರದು ಎಂದು ಅವರು ತೀರ್ಮಾನಿಸಿದರು. ನ್ಯಾಯದ ತಕ್ಕಡಿಯಲ್ಲಿ ಗೆದ್ದವನು ಮನೆಗೆ ತಂದುದು ಒಂದು ತಿಂಗಳ ಲಾಭವನ್ನು!

ನಮ್ಮ ಧರ್ಮಶಾಸ್ತ್ರಕಾರರು ಹದಿನೆಂಟು ವ್ಯವಹಾರಪದಗಳಲ್ಲಿ ಕ್ರಯವಿಕ್ರಯಾನುಶಯವೆಂಬುದನ್ನು ಎಣಿಸಿದ್ದಾರೆ. ಅನುಶಯವೆಂದರೆ ಮಾಡಿದುದಕ್ಕಾಗಿ ಮರುಗುವುದು. ಕೊಂಡವನಿಗಾಗಲಿ ಮಾರಿದವನಿಗಾಗಲಿ ಮರುಕ ಹುಟ್ಟಿದರೆ ಹತ್ತು ದಿನಗಳೊಳಗೆ ವಸ್ತುವನ್ನು ಹಿಂದಿರುಗಿಸಬಹುದೆಂದು ಮನುಸ್ಮೃತಿಯ ವಿಧಿ. ಹಸುವೋ ಪಾತ್ರೆಯೋ ಆದರೆ ಹಿಂದಿರುಗಿಸಬಹುದು. ಕಂಪೆನಿಯ ನಕ್ಷೆಯಂತೆ ಗಾಜಿನಿಂದ ಕಟ್ಟಿದ ಮಳಿಗೆಯನ್ನು ಯಾರಿಗೆ ಹಿಂದಿರುಗಿಸುವುದು?

ಈ ಸಂಕಟವನ್ನು ಅಮೆರಿಕದ ಸಂಯುಕ್ತ ಸಂಸ್ಥಾನದವರು ಮೊದಲೇ ಅನುಭವಿಸಿದರು. ಕರಾರನ್ನು ಮುಗಿಸುವಾಗ ಅಥವಾ ಮುಂದುವರಿಸದಿರುವಾಗ ತಯಾರಕನು ಸದ್ಭಾವದಿಂದ ನಡೆಯದಿದ್ದರೆ ವ್ಯಾಪಾರಿಯು ದಾವೆ ಹೂಡಬಹುದೆಂದು ಅಲ್ಲಿ 1956ರಲ್ಲಿ ಒಂದು ಶಾಸನವಾಯಿತು. ಬಲಾತ್ಕಾರ, ಬೆದರಿಕೆಗಳಿಲ್ಲದಿರುವುದೇ ಸದ್ಭಾವವೆಂದು ಅದರ ಲಕ್ಷಣ. ಒತ್ತಾಯದ ಬುದ್ಧಿವಾದವು ಮಾತ್ರ ದೋಷವಲ್ಲವಂತೆ. ಬುದ್ಧಿವಾದವೆಲ್ಲಿ ಮುಗಿದು ಬೆದರಿಕೆಯೆಲ್ಲಿ ಮೊದಲಾಗುವುದೆಂಬುದನ್ನು ಶಾಲೆಯ ಮಕ್ಕಳನ್ನು ಕೇಳಿದರೆ ಚೆನ್ನಾಗಿ ಹೇಳಿಯಾರು. ಇದಕ್ಕಿಂತ ಗಟ್ಟಿಯಾದುವು ಅಲ್ಲಿಯ ಪ್ರತ್ಯೇಕ ಸಂಸ್ಥಾನಗಳ ಕಾನೂನುಗಳು. ಕ್ಯಾಲಿಫೋರ್ನಿಯದಲ್ಲಿ ಸಾಮಾನ್ಯವಾಗಿ ಅರುವತ್ತು ದಿನಗಳ ನೋಟೀಸು ಬೇಕು. ವ್ಯಾಪಾರಿಯು ಮಂಡಲಿಯ ಮುಂದೆ ತಕರಾರು ಸಲ್ಲಿಸಿದರೆ ತೀರ್ಮಾನವಾಗುವವರೆಗೆ ಕರಾರು ಮುಗಿಯದು. ಯೋಗ್ಯವಾದ ಕಾರಣವಿದೆಯೆಂದು ಸಾಧಿಸುವ ಭಾರವೂ ತಯಾರಕನದು. ಇಷ್ಟಿದ್ದರೂ 2009ರಲ್ಲಿ ಕ್ರೈಸ್ಲರ್ ಕಂಪೆನಿಯು ದಿವಾಳಿಯಾದಾಗ 789 ವ್ಯಾಪಾರಿಗಳ ಕರಾರುಗಳನ್ನು ದಿವಾಳಿ ಕೋರ್ಟಿನ ಅನುಮತಿಯಿಂದ ಒಮ್ಮೆಗೇ ಕಳಚಿಹಾಕಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅಲ್ಲಿಯ ಶಾಸನಸಭೆಯು ಅವರಿಗೆ ಮಧ್ಯಸ್ಥರ ಮುಂದೆ ಹೋಗುವ ದಾರಿಯನ್ನು ಮಾಡಿಕೊಟ್ಟಿತು.

ನಮ್ಮ ದೇಶದಲ್ಲಿ ಅಂಥ ಪ್ರತ್ಯೇಕ ಶಾಸನವಿಲ್ಲ. 2021ರ ಸೆಪ್ಟೆಂಬರಿನಲ್ಲಿ ಫೋರ್ಡ್ ಕಂಪೆನಿಯವರು ಇಲ್ಲಿ ಕಾರು ತಯಾರಿಸುವುದನ್ನು ನಿಲ್ಲಿಸುವೆವೆಂದು ಸಾರಿದಾಗ, 170 ವ್ಯಾಪಾರಿಗಳು ಸುಮಾರು 2,000 ಕೋಟಿ ರೂಪಾಯಿಗಳನ್ನು ತೊಡಗಿಸಿರುವರೆಂದು ವ್ಯಾಪಾರಿಗಳ ಒಕ್ಕೂಟವಾದ ಫಾಡಾ ಹೇಳಿತು. ರಕ್ಷಣೆಗೆ ಶಾಸನವಾಗಬೇಕೆಂದೂ ಕೇಳಿತು.

ಆದುದರಿಂದ ಶಾಸನವು ಕೊಡದುದನ್ನು ಕರಾರಿನಲ್ಲಿಯೇ ಕೇಳಿ ಬರೆಯಿಸಿಕೊಳ್ಳಬೇಕು. ನೋಟೀಸಿನ ದಿನಗಳೆಷ್ಟು ಎಂಬುದೇ ಬೆಲೆಯುಳ್ಳ ಅಂಶ. ಮೂವತ್ತು ಎಂದಿದ್ದಲ್ಲಿ ನೂರೆಂಬತ್ತು ಎಂದಾದರೆ ಪರಿಹಾರದ ಅಳತೆಯೂ ಅಷ್ಟಕ್ಕೆ ಬೆಳೆಯುತ್ತದೆ. ಮಾರಾಟವಾಗದ ಗಾಡಿಗಳನ್ನೂ ಬಿಡಿಭಾಗಗಳನ್ನೂ ಆ ಕಂಪೆನಿಯ ಗಾಡಿಗಳಿಗೇ ತಕ್ಕ ಉಪಕರಣಗಳನ್ನೂ ಅವರೇ ಯಾವ ಬೆಲೆಗೆ ಹಿಂದಕ್ಕೆ ಕೊಳ್ಳುವರೆಂಬುದನ್ನು ನೋಡಬೇಕು. ವ್ಯಾಜ್ಯವು ಯಾವ ಊರಿನ ಮಧ್ಯಸ್ಥನ ಮುಂದೆ ನಡೆಯತಕ್ಕದ್ದೆಂಬುದನ್ನೂ ಬಿಡಬಾರದು. ದೆಹಲಿಗೆ ಹತ್ತು ಸಲ ಹೋಗಿಬರುವ ವೆಚ್ಚದಲ್ಲಿಯೇ ಅನೇಕರು ಸೋತಿರುತ್ತಾರೆ.

ಸಾಲಪತ್ರದ ಮೇಲೆ ಮನೆಯ ಯಜಮಾನಿಯ ಜಾಮೀನು ರುಜುವನ್ನು ಬ್ಯಾಂಕಿನವರು ಕೇಳುವುದೂ ಉಂಟು. ಕಂಪೆನಿಯವರು ಕರಾರನ್ನು ಮುಗಿಸಿದರೆ ಈ ಜಾಮೀನು ಮುಗಿಯದು. ಬೇರೆ ಮಾತನ್ನು ಬರೆದಿಲ್ಲದಿದ್ದರೆ ಜಾಮೀನುದಾರನ ಹೊಣೆಯು ಸಾಲಗಾರನ ಹೊಣೆಯಷ್ಟೇ ಎಂದು ಕರಾರು ಶಾಸನದ 128ನೆಯ ಪ್ರಕರಣ. ಮುಂದುವರಿಯುವ ಜಾಮೀನಾದರೆ, ಮುಂದಿನ ವ್ಯವಹಾರಗಳ ಮಟ್ಟಿಗೆ ಅದನ್ನು ಸಾಲಕೊಟ್ಟವನಿಗೆ ನೋಟೀಸನ್ನಿತ್ತು ಹಿಂದೆಗೆಯಬಹುದೆಂದು 130ನೆಯದು. ಆ ಹಕ್ಕನ್ನು ಬಿಟ್ಟುಕೊಟ್ಟಿರುವುದಾಗಿ ಅಚ್ಚಾದ ನಮೂನೆಯಲ್ಲಿ ಒಂದು ಸಾಲು ಅಡಗಿದೆಯೆ ಎಂಬುದನ್ನು ಆಕೆಯು ಲೇಖನಿಯನ್ನು ಹಿಡಿಯುವ ಮೊದಲೇ ಓದಿಸಿ ತಿಳಿದಿರಬೇಕು.