ಏಕನಾಥನಾಗಿದ್ದು ತಪ್ಪೇ?

‘ಧರ್ಮಾತ್ಮ’ ಚಿತ್ರದಲ್ಲಿ (1935) ಮರಾಠಿ ರಂಗದ ಸ್ತ್ರೀಪಾತ್ರಗಳಿಗೆ ಹೆಸರಾಗಿದ್ದ ಗಾಯಕ-ನಟ ಬಾಲಗಂಧರ್ವರಿಗೆ ಪೈಠಣದ ಸಂತ ಏಕನಾಥನ ಪಾತ್ರ ಕೊಟ್ಟು ನಿರ್ದೇಶಕ ಶಾಂತಾರಾಮ್ ಎಡವಿದರು, ಸ್ತ್ರೀಪಾತ್ರವನ್ನೇ ಕೊಡಬೇಕಿತ್ತು ಎಂಬುದು ಕಳೆದ ಸಂಚಿಕೆಯ ಲೇಖಕರ ತೀರ್ಪು. ಒಪ್ಪಲಾರೆ. ನಿರ್ದೇಶಕ ಫಾಲ್ಕೆ 1913ರ ತಮ್ಮ ಚಿತ್ರದಲ್ಲಿ ನಟ ಸಾಳುಂಕೆಯವರಿಗೆ ರಾಣಿ ತಾರಾಮತಿಯ ಸೀರೆ ಉಡಿಸಿದ್ದು ನಟಿಯರು ಸಿಗದೆ, ಅದೂ ಮೂಕಿಚಿತ್ರ. 1935ರ ಹೊತ್ತಿಗೆ ಆ ಕೊರತೆ ಎಲ್ಲಿತ್ತು? ಗಂಧರ್ವರಿಗೋ ಆಗ 47. ರಂಗದ ದೂರ ಮುಚ್ಚಿಟ್ಟದ್ದನ್ನು ಕ್ಯಾಮೆರಾ ಬಿಚ್ಚಿಡುತ್ತದೆ. 1937ರ ‘ಸಾಧ್ವಿ ಮೀರಾಬಾಯಿ’ಯಲ್ಲಿ ಅವರು ಸೀರೆ ಉಟ್ಟೇ ಹಾಡಿದರಲ್ಲ, ಅದೇಕೆ ಸೋತಿತು? ಲೇಖಕರು ಆ ಚಿತ್ರದ ಸುದ್ದಿಯನ್ನೇ ಎತ್ತಿಲ್ಲ! ಮುಂದೆ ಅವರ ನಾಟಕ ಮಂಡಳಿಯಲ್ಲೇ ನಾಯಕಿಯ ಪಾತ್ರಗಳು ಹೋದದ್ದು ನಮ್ಮ ಬೀಳಗಿಯ ನಟಿ ಗೋಹರಬಾಯಿ ಕರ್ನಾಟಕಿಯವರಿಗೆ. ಅದಕ್ಕೂ ಶಾಂತಾರಾಮರೇ ಕಾರಣವೇ?