ವಿದ್ಯುತ್ ಗರಗಸವೂ ಮನೆಯವರ ಹೊಣೆಯೂ



ಶಾಲೆಯ ಸ್ಮರಣ ಸಂಚಿಕೆಯಲ್ಲಿ ಮುಖ್ಯೋಪಾಧ್ಯಾಯಿನಿಯು ಶೀಲ, ವಿದ್ಯೆ, ಗೃಹಕೃತ್ಯ ಮುಂತಾದವುಗಳನ್ನು ಕುರಿತು ಬರೆಯುವುದು ವಾಡಿಕೆ. ಈ ಸಾರಿ ಮರ ಕೊಯ್ಯುವ ಗರಗಸದ ವಿಷಯವನ್ನು ಎತ್ತಿಕೊಂಡದ್ದನ್ನು ಕಂಡು ನಿಮಗೆ ಆಶ್ಚರ್ಯವಾದೀತು. ಇದಕ್ಕೆ ಕಾರಣವುಂಟು, ಅದನ್ನು ಮರೆಮಾಡದೆ ಮೊದಲೇ ಅರಿಕೆ ಮಾಡುವುದು ನಮ್ಮ ಕರ್ತವ್ಯವೆಂದು ಎಣಿಸುತ್ತೇವೆ.

ಕೆಲವು ವರ್ಷಗಳ ಹಿಂದೆ ಬೆಂಚುಗಳ ದುರಸ್ತಿಗಾಗಿ ಅಜ್ಜಂಪುರದ ಆಚಾರಿಯೊಬ್ಬರನ್ನು ಶಾಲೆಗೆ ಕರೆಸಿದ್ದೆವು. ವಾರ್ಷಿಕೋತ್ಸವಕ್ಕೆ ಮೂರೇ ದಿನಗಳು ಉಳಿದಿದ್ದವು. ದಿನಕ್ಕೆರಡು ಬಾರಿ ಜಗಲಿಗೆ ಹೋಗಿ, "ಆಚಾರ್ರೇ, ಇನ್ನೂ ಎಷ್ಟು ಬಾಕಿ?" ಎಂದು ಅವಸರಪಡಿಸಿದವರು ನಾವೇ. ಅವರ ಕೈಯಲ್ಲಿದ್ದುದು ಟೈಲ್ಸು ಕೊಯ್ಯುವ ಕಟರ್; ಅದಕ್ಕೆ ಮರದ ಬ್ಲೇಡು ಹಾಕಿ, ಅಡ್ಡಬರುತ್ತದೆಂದು ಗಾರ್ಡನ್ನು ಬಿಚ್ಚಿಟ್ಟಿದ್ದರು. ಹಲಗೆಯನ್ನು ಕಾಲಿನಿಂದ ಅದುಮಿ ಎಡಗೈಯಿಂದ ಹಿಡಿದಿದ್ದರು. ಯಂತ್ರವು ಒಮ್ಮೆ ಹಾರಿತು. ಕಣ್ಣು ರೆಪ್ಪೆ ಬಡಿಯುವಷ್ಟರಲ್ಲಿ ಎಡಗೈಯ ಎರಡು ಬೆರಳುಗಳು ಹೋಗಿದ್ದವು. ತುಂಡಾದ ಬೆರಳನ್ನು ಆಸ್ಪತ್ರೆಗೆ ಹೇಗೆ ಒಯ್ಯಬೇಕೆಂಬುದು ಅಲ್ಲಿ ನೆರೆದಿದ್ದ ಇಷ್ಟು ಮಂದಿ ಓದಿದವರಲ್ಲಿ ಒಬ್ಬರಿಗೂ ತಿಳಿದಿರಲಿಲ್ಲ. "ತಪ್ಪು ನನ್ನದೇ, ಅಮ್ಮನವರೇ" ಎಂದು ಅವರು ಹೇಳಿದರು. ನಮ್ಮ ಮನಸ್ಸಾಕ್ಷಿಯು ಇಂದಿಗೂ ಅದನ್ನು ಒಪ್ಪುವುದಿಲ್ಲ.

ಹೊಸ ಮನೆಯನ್ನು ಕಟ್ಟಿಸುವವನು ಮಾಳಿಗೆಯ ಸುತ್ತಲೂ ಗಿಡ್ಡಗೋಡೆಯನ್ನು ಹಾಕಿಸಬೇಕೆಂದೂ, ಹಾಕಿಸದೆ ಯಾರಾದರೂ ಬಿದ್ದು ಸತ್ತರೆ ಆ ದೋಷವು ಮನೆಯವನ ಮೇಲೆಯೇ ಬರುವುದೆಂದೂ ಮೋಶೆಯ ಧರ್ಮಶಾಸ್ತ್ರದಲ್ಲಿ ವಿಧಿಸಿದೆ. ಗರಗಸದ ಗಾರ್ಡು ಅಂಥ ಗಿಡ್ಡಗೋಡೆಯೇ. ಅದು ಇದೆಯೋ ಇಲ್ಲವೋ ಎಂದು ನೋಡುವುದು ಆಚಾರಿಯ ಕೆಲಸ ಮಾತ್ರವಲ್ಲ, ಕೆಲಸ ಮಾಡಿಸುವವರ ಕೆಲಸವೂ ಹೌದು ಎಂಬುದೇ ಈ ಲೇಖನದಲ್ಲಿ ನಾವು ಹೇಳಬೇಕೆಂದಿರುವ ಮಾತು.

ಕೈಗರಗಸವು ಮನುಷ್ಯನ ತೋಳಿಗೆ ಅಧೀನ. ಕೈ ನಿಂತರೆ ಅದೂ ನಿಲ್ಲುತ್ತದೆ. ವೃತ್ತಾಕಾರದ ಗರಗಸದ ಸ್ವಭಾವವೇ ಬೇರೆ. ಇಂಗ್ಲೆಂಡಿನಲ್ಲಿ ಸ್ಯಾಮ್ಯುಯೆಲ್ ಮಿಲ್ಲರ್ ಎಂಬವನು 1777ರಲ್ಲಿಯೇ ಇದಕ್ಕೆ ಪೇಟೆಂಟು ಪಡೆದನು. ಅಮೆರಿಕದ ಶೇಕರ್ ಪಂಥದವರಲ್ಲಿ, 1813ರ ಸುಮಾರಿಗೆ ಟಾಬಿತಾ ಬ್ಯಾಬಿಟ್ ಎಂಬ ಸಹೋದರಿಯು ಇದನ್ನು ಸ್ವತಂತ್ರವಾಗಿ ಕಲ್ಪಿಸಿದಳೆಂಬ ಪ್ರತೀತಿಯುಂಟು. ಕೈಯಲ್ಲಿ ಹಿಡಿಯುವ ವಿದ್ಯುತ್ ಗರಗಸವು ಅಮೆರಿಕದಲ್ಲಿ ಬಳಕೆಗೆ ಬಂದದ್ದು 1920ರ ದಶಕದಲ್ಲಿ. ಇಂದು ಏಳು ಅಂಗುಲದ ಬ್ಲೇಡು ನಿಮಿಷಕ್ಕೆ ಸುಮಾರು 5,000 ಸುತ್ತು ತಿರುಗುತ್ತದೆ. ಅದರ ಹಲ್ಲು ಗಂಟೆಗೆ 170 ಕಿಲೋಮೀಟರಿನ ವೇಗದಲ್ಲಿ ಓಡುತ್ತದೆ. ನಮ್ಮ ಅಜ್ಜಂಪುರದ ನಿಲ್ದಾಣವನ್ನು ಹಾದುಹೋಗುವ ಯಾವ ರೈಲೂ ಅಷ್ಟು ವೇಗದ್ದಲ್ಲ.

ಈ ಯಂತ್ರವು ಒದೆಯುವುದೇಕೆ? ಹಲ್ಲುಗಳು ಕೆಳಗಿನಿಂದ ಮೇಲಕ್ಕೆ ಕೊಯ್ಯುತ್ತವೆ. ಹಲಗೆಯ ಎರಡು ತುದಿಗಳಿಗೆ ಮಾತ್ರ ಆಧಾರ ಕೊಟ್ಟು ನಡುವೆ ಕೊಯ್ದರೆ ಹಲಗೆ ಬಾಗುತ್ತದೆ, ಸೀಳು ಮುಚ್ಚಿಕೊಳ್ಳುತ್ತದೆ, ಬ್ಲೇಡು ಸಿಕ್ಕಿಬೀಳುತ್ತದೆ. ಆಗ ಯಂತ್ರವು ಮರದಿಂದ ಮೇಲೆದ್ದು ಹಿಡಿದವನ ಕಡೆಗೇ ಹಾರುತ್ತದೆ. ಅಮೃತಮಹಲ್ ಹೋರಿಗಳನ್ನು ಕಂಡು ಬೆಳೆದ ಸೀಮೆಯವರು ನಾವು. ಹೋರಿಯ ಬಲವನ್ನು ಬಲ್ಲವನು ಅದರ ನೇರಕ್ಕೆ ನಿಲ್ಲುವುದಿಲ್ಲ. ಗರಗಸದ ನೇರಕ್ಕೂ ನಿಲ್ಲಬಾರದು. ಪಕ್ಕಕ್ಕೆ ಸರಿದು, ಎರಡು ಕೈಗಳಿಂದಲೂ ಹಿಡಿದು ಕೊಯ್ಯತಕ್ಕದ್ದು.

ಹಲಗೆಯನ್ನು ಮೇಜಿಗೆ ಬಿಗಿದಿಡಬೇಕು. ಕಾಲಿನಿಂದ ಮರವನ್ನು ಅದುಮಿ ಹಿಡಿಯುವುದು ಕೈಗರಗಸದ ಕಾಲದಿಂದ ಬಂದ ಜಾಣ್ಮೆಯೇ ಆದರೂ, ವಿದ್ಯುತ್ ಗರಗಸದ ಮುಂದೆ ಅದು ಕಾಲನ್ನೇ ಬಲಿಕೊಟ್ಟಂತೆ. ಕತ್ತರಿಸಿ ಬೀಳುವ ತುಂಡು ಆಧಾರದಿಂದ ಆಚೆಗೆ ಇದ್ದು ತಾನಾಗಿ ಕೆಳಗಿಳಿಯುವಂತಿರಬೇಕು. ಬ್ಲೇಡು ಹಲಗೆಯ ಅಡಿಯಿಂದ ಒಂದು ಹಲ್ಲಿನಷ್ಟು ಮಾತ್ರ ಹೊರಕ್ಕೆ ಕಾಣಬೇಕು. ಹಳೆಯ ತೊಲೆ, ಬಾಗಿಲವಾಡಗಳಲ್ಲಿ ಹುದುಗಿರುವ ಮೊಳೆಗಳನ್ನು ಮೊದಲೇ ಕೀಳಬೇಕು. ಕಣ್ಣಿಗೆ ಕನ್ನಡಕವಿರಲಿ, ಹೆಗಲ ಟವೆಲು, ಸಡಿಲ ತೋಳು, ಬಳೆ, ಇಳಿಬಿಟ್ಟ ಸೆರಗು ಬೇಡ. ಬ್ಲೇಡು ಪೂರ್ತಿ ನಿಂತ ಮೇಲೆಯೇ ಯಂತ್ರವನ್ನು ಕೆಳಗಿಡಬೇಕು. ಪ್ಲಗ್ಗು ಕಿತ್ತ ಮೇಲೆಯೇ ಬ್ಲೇಡನ್ನು ಮುಟ್ಟಬೇಕು.

ಇನ್ನು ನಮ್ಮ ಕಡೆ ಎಲ್ಲೆಲ್ಲೂ ಕಾಣುವ ಒಂದು ಅಭ್ಯಾಸವನ್ನು ಖಂಡಿಸಲೇಬೇಕಾಗಿದೆ. ಹಣ ಉಳಿಯುತ್ತದೆಂದು ಟೈಲ್ಸಿನ ಕಟರಿಗೂ ಗ್ರೈಂಡರಿಗೂ ಮರದ ಬ್ಲೇಡನ್ನು ತೊಡಿಸುತ್ತಾರೆ. ಇವು ನಿಮಿಷಕ್ಕೆ ಸುಮಾರು 11,000 ಸುತ್ತಿಗೂ ಮೀರಿ ತಿರುಗುತ್ತವೆ. ಮರದ ಗರಗಸಕ್ಕೆ, ಹಲಗೆಯಿಂದ ಹೊರಬಂದೊಡನೆ ತಾನಾಗಿ ಮುಚ್ಚಿಕೊಳ್ಳುವ ಕೆಳಗಾರ್ಡು ಇರುತ್ತದೆ; ಇವುಗಳಿಗೆ ಅದಿಲ್ಲ. ಗ್ರೈಂಡರಿನಲ್ಲಂತೂ ಹಲ್ಲು ಮರಕ್ಕೆ ಕಚ್ಚಿತೆಂದರೆ ಹಿಡಿತವೇ ತಪ್ಪುತ್ತದೆ. ಕೆಲವರು ಸರಿಯಾದ ಗರಗಸವನ್ನೇ ಕೊಂಡು ಅದರ ಕೆಳಗಾರ್ಡಿಗೆ ಬೆಣೆ ಹೊಡೆದು ನಿಲ್ಲಿಸುತ್ತಾರೆ. ಇದು ಬಾಗಿಲು ಹಾಕಿಸಿ ಅಗಳಿ ತೆಗೆದಂತೆ.

ಅಪಘಾತವೇ ಸಂಭವಿಸಿದರೆ ಗಾಯದ ಮೇಲೆ ಶುದ್ಧವಾದ ಬಟ್ಟೆಯಿಟ್ಟು ಒತ್ತಿ ಹಿಡಿದು, ಕೈಯನ್ನು ಮೇಲಕ್ಕೆತ್ತಿರಬೇಕು. ತುಂಡಾದ ಬೆರಳನ್ನು ಒದ್ದೆಯಾದ ಶುದ್ಧ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆ ಬೆರೆತ ನೀರಿನಲ್ಲಿಡಬೇಕು. ಬೆರಳಿಗೆ ಮಂಜುಗಡ್ಡೆ ನೇರವಾಗಿ ತಾಗಬಾರದು. ಗಾಯಾಳುವಿನೊಡನೆಯೇ ಅದನ್ನೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಈ ನಾಲ್ಕು ಮಾತುಗಳು ಅಂದು ನಮಗೆ ತಿಳಿದಿದ್ದರೆ ಎಂದು ಎಷ್ಟೋ ಬಾರಿ ಮರುಗಿದ್ದೇವೆ.

ಯಂತ್ರವನ್ನೇ ಬಿಟ್ಟುಬಿಡಿರೆಂದು ನಾವು ಹೇಳುವುದಿಲ್ಲ. ಹಲಸು, ಹೊನ್ನೆ, ತೇಗಗಳನ್ನು ದಿನವಿಡೀ ಕೈಯಿಂದ ಕೊಯ್ದು ಬೆನ್ನು ಬಾಗಿಸಿಕೊಂಡವರಿಗೆ ಅದು ಉಪಕಾರಿಯೇ. ಹೆಣ್ಣುಮಕ್ಕಳೂ ಅದನ್ನು ಕಲಿಯಬೇಕೆಂಬುದು ನಮ್ಮ ಅಭಿಪ್ರಾಯ. ಅದಕ್ಕೆ ಬೇಕಾದುದು ತೋಳಿನ ಬಲಕ್ಕಿಂತ ಹೆಚ್ಚಾಗಿ ತಾಳ್ಮೆ ಮತ್ತು ಗಮನ. ಹೊಲಿಗೆಯಲ್ಲಿ ನಮ್ಮ ಹುಡುಗಿಯರು ಅಭ್ಯಾಸ ಮಾಡಿದ್ದೂ ಇವನ್ನೇ.

ನಿಮ್ಮಲ್ಲಿ ಅನೇಕರು ಇಂದು ಕಡೂರು, ತರೀಕೆರೆ, ಅಜ್ಜಂಪುರಗಳಲ್ಲಿ ಮನೆ ಕಟ್ಟಿಸುತ್ತಿದ್ದೀರಿ. ಆಚಾರಿಯು ಬಂದ ದಿನ ಕಾಫಿ ಕೊಡುವಾಗಲೇ, "ಗಾರ್ಡು ಇದೆಯೇ?" ಎಂದು ವಿಚಾರಿಸಿರಿ. ಇಲ್ಲವೆಂದರೆ ತರುವತನಕ ಕಾಯಿರಿ. ಆ ಅರ್ಧ ದಿನದ ಕೂಲಿಯನ್ನು ಮುರಿಯಬೇಡಿರಿ. ಮಕ್ಕಳನ್ನು ದೂರವಿಡಿರಿ. ಕೊಯ್ಯುತ್ತಿರುವವನನ್ನು ಹಿಂದಿನಿಂದ ಕೂಗಿ ಕರೆಯಬೇಡಿರಿ. ಎಲ್ಲಕ್ಕಿಂತ ಮುಖ್ಯವಾಗಿ, ಗೃಹಪ್ರವೇಶದ ಮುಹೂರ್ತವನ್ನು ಅವನ ಬೆರಳುಗಳ ಮೇಲೆ ಹೇರಬೇಡಿರಿ.

ಆ ಬೆಂಚುಗಳು ಈಗಲೂ ನಮ್ಮ ಶಾಲೆಯಲ್ಲಿವೆ. ಅವುಗಳಲ್ಲಿ ಮೂರನ್ನು ಮಾತ್ರ ಬೇರೊಬ್ಬರು ಮುಗಿಸಿದರು. ವಾರ್ಷಿಕೋತ್ಸವವು ನಿಗದಿಯಾದ ದಿನವೇ ನಡೆಯಿತು. ಒಂದು ವಾರ ತಡವಾಗಿ ನಡೆದಿದ್ದರೆ ಯಾರಿಗೂ ಏನೂ ನಷ್ಟವಾಗುತ್ತಿರಲಿಲ್ಲ. ನಿಮ್ಮ ಮನೆಗಳ ಕೆಲಸವು ದೇವರ ಕೃಪೆಯಿಂದ ಯಾರ ರಕ್ತವೂ ಸೋಕದೆ ಮುಗಿಯಲೆಂದು ನಮ್ಮ ಹಾರೈಕೆ.