ಕಸಿ ಮಾಡಿಸಿಕೊಂಡ ಕಿಡ್ನಿ ಉಳಿಸಿಕೊಳ್ಳಿ: ಬಿಕೆ ವೈರಸ್ ಪರೀಕ್ಷೆ ತಪ್ಪಿಸಬೇಡಿ!

ಕಿಡ್ನಿ ಕಸಿ ಮಾಡಿಸಿಕೊಂಡ ಬಂಧುಗಳೇ, ಕಿಡ್ನಿ ಕೊಟ್ಟ ತಾಯಂದಿರೇ, ಒಡಹುಟ್ಟಿದವರೇ,

ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್‌ಗೆ ಓಡಾಡಿದ ದಿನಗಳನ್ನು ನಾವ್ಯಾರೂ ಮರೆತಿಲ್ಲ. ನಮಗೆ ಸಿಕ್ಕಿರುವ ಕಿಡ್ನಿ ಮನೆಯವರು ಕೊಟ್ಟದ್ದಿರಬಹುದು. ಮೆದುಳು ನಿಷ್ಕ್ರಿಯಗೊಂಡ ಯಾರದೋ ಕುಟುಂಬ ತನ್ನ ದುಃಖದ ನಡುವೆಯೂ ಒಪ್ಪಿ ಕೊಟ್ಟದ್ದಿರಬಹುದು. ಆ ಕಿಡ್ನಿಯನ್ನು ಸದ್ದಿಲ್ಲದೆ ಹಾಳುಮಾಡಬಲ್ಲ ವೈರಸ್ ಒಂದಿದೆ. ಅದರ ಹೆಸರು ಬಿಕೆ.

ಏನಿದು ಬಿಕೆ?

ಕಿಡ್ನಿ ಕಸಿಯಾಗಿದ್ದ ರೋಗಿಯೊಬ್ಬರ ಮೂತ್ರದಲ್ಲಿ ಈ ವೈರಸ್ ಪತ್ತೆಯಾದದ್ದು 1971ರಲ್ಲಿ ವರದಿಯಾಯಿತು. ನಮ್ಮಲ್ಲಿ ಹೆಚ್ಚಿನವರಿಗೆ ಇದು ಬಾಲ್ಯದಲ್ಲೇ ತಗುಲಿ ಕಿಡ್ನಿಯೊಳಗೆ ಸುಮ್ಮನಿರುತ್ತದೆ. ಆರೋಗ್ಯವಂತರಿಗೆ ಸಾಮಾನ್ಯವಾಗಿ ತೊಂದರೆಯಿಲ್ಲ. ಆದರೆ ದೇಹ ಹೊಸ ಕಿಡ್ನಿಯನ್ನು ತಿರಸ್ಕರಿಸದಿರಲೆಂದು ನಾವು ನುಂಗುವ ಟ್ಯಾಕ್ರೊಲಿಮಸ್, ಮೈಕೋಫೆನೊಲೇಟ್ ಮಾತ್ರೆಗಳು ರೋಗನಿರೋಧಕ ಶಕ್ತಿಯನ್ನು ತಗ್ಗಿಸುತ್ತವೆ. ಆಗ ವೈರಸ್ ತಲೆಯೆತ್ತುತ್ತದೆ.

ಬಹುತೇಕರಿಗೆ ಜ್ವರವೂ ಇಲ್ಲ, ನೋವೂ ಇಲ್ಲ. ಕ್ರಿಯಾಟಿನಿನ್ ಏರುವ ಹೊತ್ತಿಗೆ ಕಿಡ್ನಿಗೆ ಪೆಟ್ಟು ಬಿದ್ದಿರುತ್ತದೆ. ಅದಕ್ಕೂ ಮೊದಲೇ ವೈರಸ್ಸನ್ನು ಹಿಡಿಯುವುದು ರಕ್ತದ ಬಿಕೆ ಪಿಸಿಆರ್ ಪರೀಕ್ಷೆ.

ಪರೀಕ್ಷೆ ಯಾವಾಗ?

2024ರ ಅಂತರರಾಷ್ಟ್ರೀಯ ತಜ್ಞರ ಸಲಹೆ ಹೀಗಿದೆ: ಕಸಿಯಾದ ಮೊದಲ 9 ತಿಂಗಳು ತಿಂಗಳಿಗೊಮ್ಮೆ, ಆಮೇಲೆ 2 ವರ್ಷ ತುಂಬುವವರೆಗೆ 3 ತಿಂಗಳಿಗೊಮ್ಮೆ. ಮುಂದಿನ ಭೇಟಿಯಲ್ಲೇ ವೈದ್ಯರನ್ನು ಕೇಳಿ: "ನನ್ನ ಬಿಕೆ ಟೆಸ್ಟ್ ಆಗಿದೆಯೇ? ಮುಂದಿನದು ಯಾವಾಗ?"

ಮಾತ್ರೆಯನ್ನು ನೀವೇ ಹೆಚ್ಚು ಕಡಿಮೆ ಮಾಡಬೇಡಿ!

ಬಿಕೆ ವೈರಸ್ಸನ್ನು ಖಚಿತವಾಗಿ ಮಣಿಸುವ ಔಷಧ ಇನ್ನೂ ಬಂದಿಲ್ಲ. ವೈದ್ಯರು ನಿರೋಧಕ ಶಕ್ತಿ ತಗ್ಗಿಸುವ ಮಾತ್ರೆಯ ಪ್ರಮಾಣವನ್ನು ಹಂತಹಂತವಾಗಿ ಇಳಿಸುತ್ತಾರೆ; ದೇಹವೇ ವೈರಸ್ಸನ್ನು ಹತ್ತಿಕ್ಕುತ್ತದೆ. ಆದರೆ ಕ್ರಿಯಾಟಿನಿನ್ ಏರಲು ರಿಜೆಕ್ಷನ್, ಅಂದರೆ ದೇಹ ಕಿಡ್ನಿಯನ್ನು ತಿರಸ್ಕರಿಸುವುದು, ಕೂಡ ಕಾರಣವಾಗಬಹುದು. ಅದಕ್ಕೆ ಚಿಕಿತ್ಸೆ ತದ್ವಿರುದ್ಧ: ನಿರೋಧಕ ಶಕ್ತಿಯನ್ನು ಇನ್ನಷ್ಟು ತಗ್ಗಿಸಬೇಕು. ಎರಡನ್ನೂ ಬೇರ್ಪಡಿಸಿ ಹೇಳಲು ರಕ್ತಪರೀಕ್ಷೆ ಬೇಕು, ಕೆಲವೊಮ್ಮೆ ಬಯಾಪ್ಸಿ ಬೇಕು. ಮನೆಯಲ್ಲಿ ಕೂತು ತೀರ್ಮಾನಿಸುವ ವಿಷಯ ಇದಲ್ಲ. ನಿರೋಧಕ ಶಕ್ತಿ ಹೆಚ್ಚಿಸುತ್ತದೆಂದು ಯಾರೋ ಹೇಳಿದ ಅಮೃತಬಳ್ಳಿ ಕಷಾಯವನ್ನೂ ವೈದ್ಯರನ್ನು ಕೇಳದೆ ಕುಡಿಯಬೇಡಿ.

ಕಸಿಯಾದವರು ಎಚ್ಚರವಹಿಸಬೇಕಾದ ಇನ್ನೊಂದು ವೈರಸ್ ಸಿಎಂವಿ (ಸೈಟೊಮೆಗಾಲೊವೈರಸ್). ಜ್ವರ, ಭೇದಿ, ವಿಪರೀತ ಸುಸ್ತು ಕಂಡರೆ ಅಂದೇ ಆಸ್ಪತ್ರೆಗೆ ಹೋಗಿ. ಇದಕ್ಕೆ ಔಷಧವಿದೆ. ತಡೆಗಟ್ಟಲು ಕೊಟ್ಟ ವಾಲ್ಗಾನ್ಸಿಕ್ಲೋವಿರ್ ಮಾತ್ರೆಯನ್ನು ದುಬಾರಿಯೆಂದು ನಡುವೆ ಬಿಡಬೇಡಿ. ಕೊಳ್ಳಲಾಗದಿದ್ದರೆ ವೈದ್ಯರಿಗೆ ಹೇಳಿ.

ನಮ್ಮ ಹಕ್ಕೊತ್ತಾಯ

• ಕಸಿಯಾದ ಎಲ್ಲ ಬಡ ರೋಗಿಗಳಿಗೆ ಮೊದಲ 2 ವರ್ಷ ಬಿಕೆ ಪಿಸಿಆರ್ ಪರೀಕ್ಷೆಯನ್ನು ಸರ್ಕಾರ ಉಚಿತವಾಗಿ ಮಾಡಿಸಬೇಕು.
• ಜಿಲ್ಲಾ ಆಸ್ಪತ್ರೆಯಲ್ಲೇ ರಕ್ತದ ಮಾದರಿ ಪಡೆದು ಪ್ರಯೋಗಾಲಯಕ್ಕೆ ಕಳಿಸಬೇಕು. ಒಂದು ಪರೀಕ್ಷೆಗಾಗಿ ಬೀದರ್, ರಾಯಚೂರಿನವರು ಕೂಲಿ ಬಿಟ್ಟು ಬೆಂಗಳೂರಿಗೆ ಬರುವಂತಾಗಬಾರದು.
• ಡಿಸ್ಚಾರ್ಜ್ ಆಗುವಾಗಲೇ ಪರೀಕ್ಷೆಯ ದಿನಾಂಕಗಳನ್ನು ಕನ್ನಡದಲ್ಲಿ ಬರೆದುಕೊಡಬೇಕು.

ಪರೀಕ್ಷೆಯ ಖರ್ಚು ಸರ್ಕಾರಕ್ಕೆ ಹೊರೆಯಲ್ಲ. ಕಿಡ್ನಿ ಕಳೆದುಕೊಂಡವರು ಮತ್ತೆ ಡಯಾಲಿಸಿಸ್‌ಗೆ ಮರಳುವುದೇ ನಿಜವಾದ ಹೊರೆ.

ಬಂಧುಗಳೇ, ಈ ಕರಪತ್ರವನ್ನು ಓದಿ, ಒಪಿಡಿ ಸಾಲಿನಲ್ಲಿ ಪಕ್ಕದಲ್ಲಿ ನಿಂತವರಿಗೆ ಕೊಡಿ. ನಿಮ್ಮ ಶಾಸಕರ ಕೈಗೂ ಒಂದು ಪ್ರತಿ ಕೊಟ್ಟು ಉತ್ತರ ಕೇಳಿ. ದಾನಿಗಳು ಕೊಟ್ಟ ಕಿಡ್ನಿಯನ್ನು ಕಾಪಾಡೋಣ, ಬನ್ನಿ!

– ಕಿಡ್ನಿ ಕಸಿ ಮಾಡಿಸಿಕೊಂಡವರು ಮತ್ತು ಮನೆಯವರು